ಅತ್ತೆಯ ಜರಡಿ ಸುಮ್ಮನಾದಾಗ

ನಮ್ಮ ಆಫೀಸಿನಲ್ಲಿ ಅತ್ತೆ ಎಂದರೆ ಒಬ್ಬರೇ. ಅವರಿಗೆ ಐವತ್ನಾಲ್ಕು ವರ್ಷ, ಒಬ್ಬಳೇ ಮಗಳು, ಅವಳಿಗಿನ್ನೂ ಮದುವೆಯಾಗಿಲ್ಲ. ಹಾಗಾಗಿ ಲೆಕ್ಕಪ್ರಕಾರ ಅವರು ಯಾರಿಗೂ ಅತ್ತೆಯಲ್ಲ. ಆದರೆ ಮೊಸರಿನಲ್ಲಿ ಕಲ್ಲು ಹುಡುಕುವುದೇ ಉದ್ಯೋಗವಾಗಿರುವ ಹೆಂಗಸಿಗೆ ಬೇರೆ ಯಾವ ಹೆಸರಿಡಬೇಕಿತ್ತು, ನೀವೇ ಹೇಳಿ. ಮೊದಮೊದಲು ಬೆನ್ನ ಹಿಂದೆ ಮಾತ್ರ ಹಾಗೆ ಕರೆಯುತ್ತಿದ್ದೆವು. ಒಂದು ದಿನ ಲಿಫ್ಟಿನಲ್ಲಿ ನಾನು ಬಾಯಿ ತಪ್ಪಿ, "ಅತ್ತೆ, ಮೂರನೇ ಮಹಡೀನಾ?" ಎಂದುಬಿಟ್ಟೆ. ಜೊತೆಗಿದ್ದ ಐದು ಜನವೂ ಲಿಫ್ಟಿನ ಚಾವಣಿ ನೋಡತೊಡಗಿದರು. ಅವರು ಕನ್ನಡಕದ ಮೇಲಿಂದ ನನ್ನನ್ನು ದಿಟ್ಟಿಸಿ, "ಹೌದು ಅಳಿಯಂದಿರೇ, ಒತ್ತಿ" ಎಂದರು. ಅಂದಿನಿಂದ ನಾವೆಲ್ಲ ಅಳಿಯಂದಿರು, ಸೊಸೆಯಂದಿರು. ಮ್ಯಾನೇಜರ್ ಒಬ್ಬರು ಮಾತ್ರ 'ಸರ್' ಆಗಿಯೇ ಉಳಿದರು.

ಅವರ ಕೆಲಸ ಏನೆಂದು ಹೇಳಿಬಿಡುತ್ತೇನೆ. ನಾವು ಪ್ರೋಗ್ರಾಂ ಬರೆಯುವವರು. ಬರೆಯುವ ಭರದಲ್ಲಿ ಎಲ್ಲೋ ಒಂದು ಕಡೆ ಪಾಸ್‌ವರ್ಡನ್ನು ಎಲ್ಲರಿಗೂ ಕಾಣುವಂತೆ ಬಿಟ್ಟಿರುತ್ತೇವೆ, ಇನ್ನೆಲ್ಲೋ ಹೊರಗಿನವರು ಟೈಪ್ ಮಾಡಿದ್ದನ್ನು 'ನೀನು ಯಾರು' ಎಂದೂ ಕೇಳದೆ ಒಳಗೆ ಬಿಟ್ಟುಕೊಂಡಿರುತ್ತೇವೆ. ಕಳ್ಳನಿಗೆ ಅಷ್ಟು ಸಾಕು. ಇಂಥ ಕಡೆಗಳನ್ನು ಹುಡುಕುವ ಒಂದು ಸಾಫ್ಟ್‌ವೇರ್ ಇದೆ. ನಾವು ಅದನ್ನು ಜರಡಿ ಎನ್ನುತ್ತೇವೆ. ನಾವು ಬರೆದ ಕೋಡನ್ನೆಲ್ಲ ಅದು ದಿನವೂ ಓದಿ, ಬೆಳಿಗ್ಗೆ ಅತ್ತೆಯ ಮುಂದೆ ಪಟ್ಟಿ ಇಡುತ್ತದೆ. ಜರಡಿಗೆ ಬುದ್ಧಿ ಕಡಿಮೆ, ಪುಕ್ಕಲು ಹೆಚ್ಚು. ಹಗ್ಗ ಕಂಡರೂ ಹಾವು ಎಂದು ಕೂಗಿಕೊಳ್ಳುತ್ತದೆ. ನೂರು ಎಚ್ಚರಿಕೆಗಳಲ್ಲಿ ತೊಂಬತ್ತೊಂಬತ್ತು ಹಗ್ಗವೇ. ಉಳಿದ ಒಂದು ಹಾವು ಯಾವುದು ಎಂದು ಹೇಳಬೇಕಾದವರು ಅತ್ತೆ.

ಹಗ್ಗವೇ ಎಂದು ಖಚಿತವಾದ ಕಡೆ ನಾವು ಕೋಡಿನಲ್ಲೇ ಒಂದು ಸಾಲು ಬರೆಯಬಹುದು: 'ಇಲ್ಲಿ ಸುಮ್ಮನಿರು.' ಪಕ್ಕದಲ್ಲಿ ಕಾರಣ, ತಾರೀಖು, ಬರೆದವರ ಹೆಸರಿನ ಮೊದಲಕ್ಷರ. ಅದನ್ನು ಕಂಡ ಜರಡಿ ಬಾಯಿ ಮುಚ್ಚಿಕೊಳ್ಳುತ್ತದೆ. ನಾವು ಬರೆದ ಇಂಥ ಸಾಲುಗಳನ್ನು ಅತ್ತೆ ಒಂದೊಂದಾಗಿ ಓದಿ ಒಪ್ಪಬೇಕು. ಅವರದೇ ಅಕ್ಷರವಿದ್ದರೆ ಮತ್ತೆ ಓದಬೇಕಾಗಿಲ್ಲ. ಈ ನಿಯಮ ಮಾಡಿದವರೂ ಅವರೇ. ತಾನೇ ನೋಡಿ ಬರೆದದ್ದನ್ನು ತಾನೇ ಮತ್ತೆ ಯಾಕೆ ನೋಡಬೇಕು ಎಂಬುದು ಅವರ ಲೆಕ್ಕಾಚಾರ.

ತಪ್ಪು ಸಿಕ್ಕಾಗ ಅತ್ತೆ ಬಯ್ಯುವುದಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಿಮ್ಮ ಕುರ್ಚಿಯ ಬೆನ್ನಿಗೆ ಒಂದು ಕೈ ಇಟ್ಟು, ಇನ್ನೊಂದು ಕೈಯ ತೋರುಬೆರಳನ್ನು ಪರದೆಯ ಮೇಲೆ ಸಾಲುಸಾಲಾಗಿ ಎಳೆಯುತ್ತಾ, ತುಟಿ ಅಲುಗಿಸುತ್ತಾ ಓದುತ್ತಾರೆ. ಒಂದು ಕಡೆ ಬೆರಳು ನಿಲ್ಲುತ್ತದೆ. "ಇದು ಯಾಕೆ?" ಎನ್ನುತ್ತಾರೆ. ಅಷ್ಟೇ. ಉತ್ತರ ಗೊತ್ತಿದ್ದವನೂ ಆ ಎರಡು ಮಾತಿಗೆ ತೊದಲುತ್ತಾನೆ. ಅವರು ಹೋದ ಮೇಲೆ ಪರದೆಯ ಮೇಲಿನ ಬೆರಳಿನ ಗುರುತನ್ನು ನಾವೇ ಒರೆಸಿಕೊಳ್ಳಬೇಕು.

ಆ ಬೆರಳಿನ ಅಭ್ಯಾಸ ಅಚ್ಚುಕೂಟದಿಂದ ಬಂದದ್ದು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವರು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದರು. ತಿದ್ದಿದ್ದು ಕಥೆ ಕಾದಂಬರಿಯನ್ನಲ್ಲ, ಟೆಲಿಫೋನ್ ಡೈರೆಕ್ಟರಿಯನ್ನು. ಒಂದು ಅಂಕಿ ಆಚೀಚೆಯಾದರೆ ಯಾವುದೋ ಮನೆಗೆ ವರ್ಷವಿಡೀ ಹಲ್ಲಿನ ಡಾಕ್ಟರಿಗೆ ಬರಬೇಕಾದ ಫೋನು. "ನಿದ್ದೆ ಬರ್ತಿರಲಿಲ್ವಾ ಅತ್ತೆ?" ಎಂದು ಒಮ್ಮೆ ಕೇಳಿದ್ದೆ. "ಬರೋದು. ಅದಕ್ಕೇ ಕೆಳಗಿಂದ ಮೇಲಕ್ಕೆ ಓದ್ತಿದ್ದೆ. ಮೇಲಿಂದ ಓದಿದ್ರೆ ಕಣ್ಣು ಜಾರುತ್ತೆ, ಕೆಳಗಿಂದ ಓದಿದ್ರೆ ಪ್ರತಿ ಸಾಲೂ ಎಡವುತ್ತೆ" ಎಂದರು. ಹದಿನೇಳು ವರ್ಷ ಹಾಗೆ ಓದಿದರು. ಎಲ್ಲರ ಜೇಬಿಗೂ ಫೋನು ಬಂದ ಮೇಲೆ ಡೈರೆಕ್ಟರಿ ಯಾರಿಗೂ ಬೇಡವಾಯಿತು, ಅಚ್ಚುಕೂಟಕ್ಕೆ ಬೀಗ ಬಿತ್ತು. ಅವರು ಟೈಪ್ ಮಾಡುವ ಕೆಲಸಕ್ಕೆಂದು ಇಲ್ಲಿಗೆ ಬಂದು, ಅಕ್ಕಪಕ್ಕದವರನ್ನು ಕಾಡಿ ಬೇಡಿ ಪ್ರೋಗ್ರಾಂ ಕಲಿತರು. ಆರು ವರ್ಷ ಬರೆದರು. "ಸುಮಾರಾಗಿ ಬರೀತಿದ್ದೆ" ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಒಂಬತ್ತು ವರ್ಷಗಳ ಹಿಂದೆ ಜರಡಿ ಬಂದಾಗ, ಅದರ ಮುಂದೆ ಕೂರಲು ಬೇರೆ ಯಾರೂ ಒಪ್ಪದೆ, ಆ ಕುರ್ಚಿ ಅವರಿಗೆ ಸಿಕ್ಕಿತು. ಅಲ್ಲಿಂದ ಅವರ ಮುಖಕ್ಕೆ ಕಳೆ ಬಂತು ಎನ್ನುತ್ತಾರೆ ಹಳಬರು.

ಇನ್ನು ನನ್ನ ವಿಷಯ. ನಾನು ಅವರ ಪಕ್ಕದ ಮೇಜಿನವನು. ನನ್ನ ಹತ್ತಿರ ಬರಲು ಅವರಿಗೆ ನಾಲ್ಕೇ ಹೆಜ್ಜೆ, ಅದು ನನ್ನ ಹಣೆಬರಹ. ನಮ್ಮ ಕಸುಬಿನಲ್ಲಿ ಯಾರೂ ಖಾಲಿ ಹಾಳೆಯಿಂದ ಶುರು ಮಾಡುವುದಿಲ್ಲ. ಇರುವ ಫೈಲೊಂದನ್ನು ನಕಲು ಮಾಡಿ, ಒಳಗಿನದನ್ನು ತೆಗೆದು, ಹೊಸದನ್ನು ತುಂಬುತ್ತೇವೆ. ಒಂದೂವರೆ ವರ್ಷದ ಹಿಂದೆ ಡೇ ಕೇರ್‌ಗಳಿಗಾಗಿ ಹೊಸ ಪ್ರೋಗ್ರಾಂ ಕೈಗೆತ್ತಿಕೊಂಡಾಗ, ಅದರಲ್ಲಿ ಆಗಲೇ ಇದ್ದ ಒಂದು ಫೈಲನ್ನು ನಕಲು ಮಾಡಿ ಕೆಲಸ ಶುರು ಮಾಡಿದೆ. ಅತ್ತೆ ನನ್ನ ಮೇಜಿಗೆ ಬರಲಿಲ್ಲ. ಎರಡನೇ ಸಲವೂ ಅದನ್ನೇ ನಕಲು ಮಾಡಿದೆ. ಬರಲಿಲ್ಲ. ಮೂರನೇ ಸಲಕ್ಕೆ ನನಗೆ ಖಚಿತವಾಯಿತು: ಇದು ಅದೃಷ್ಟದ ಫೈಲು! ಯಾಕೆ ಅದೃಷ್ಟ ಎಂದು ತೆರೆದು ನೋಡಿದೆನೇ? ಬಂದ ಅದೃಷ್ಟವನ್ನು ಯಾರಾದರೂ ಬಿಚ್ಚಿ ನೋಡುತ್ತಾರೆಯೇ? ಫೈಲಿನ ತಲೆಯಲ್ಲಿ ಕಂಪನಿಯ ಹೆಸರು, ಹಕ್ಕುಗಳು, ಅದು ಇದು ಎಂದು ಹತ್ತು ಒಣ ಸಾಲುಗಳಿರುತ್ತವೆ. ಅವನ್ನು ಹುಟ್ಟಿದವರು ಯಾರೂ ಓದುವುದಿಲ್ಲ. ನನ್ನ ಪಾಡಿಗೆ ನಾನಿರದೆ, ಎದುರು ಕೂರುವ ಇಬ್ಬರಿಗೂ ಈ ಗುಟ್ಟು ಹೇಳಿದೆ. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಎನ್ನುತ್ತಾರಲ್ಲ, ಆ ಕೋತಿಯೇ ನಿಮಗೀಗ ಕಥೆ ಹೇಳುತ್ತಿರುವುದು.

ಆ ಪ್ರೋಗ್ರಾಂ ಮಾಡುವ ಕೆಲಸ ಇಷ್ಟು: ಡೇ ಕೇರ್‌ನ ಪ್ರತಿ ಮಗುವಿಗೂ ದಿನಕ್ಕೊಂದು ಪದ. ಅದು ಬೆಳಿಗ್ಗೆ ಅಪ್ಪ ಅಮ್ಮನ ಫೋನಿಗೆ ಬರುತ್ತದೆ. ಸಂಜೆ ಗೇಟಿನಲ್ಲಿ ಆ ಪದ ಹೇಳಿದವರ ಕೈಗೆ ಮಗುವನ್ನು ಕೊಡುತ್ತಾರೆ. ಒಂದು ಡೇ ಕೇರ್‌ನಲ್ಲಿ ಆಗಲೇ ಪ್ರಯೋಗಕ್ಕೆ ಹಾಕಿದ್ದೆವು. ಮೂರೂವರೆ ವರ್ಷದ ನನ್ನ ಮಗಳು ಹೋಗುವುದೂ ಅಲ್ಲಿಗೇ. ಬುಧವಾರದಿಂದ ನಲವತ್ತು ಡೇ ಕೇರ್‌ಗಳಲ್ಲಿ ಶುರುವಾಗಬೇಕಿತ್ತು.

ಅದಕ್ಕೆ ಮೊದಲಿನ ಶುಕ್ರವಾರ ಮ್ಯಾನೇಜರ್ ನಮ್ಮನ್ನೆಲ್ಲ ಕರೆದು, ಜರಡಿಯ ವರದಿಯನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದರು. ಡೇ ಕೇರ್ ಪ್ರೋಗ್ರಾಂ: ಎಚ್ಚರಿಕೆಗಳು ಸೊನ್ನೆ. ಶುರುವಾದ ದಿನದಿಂದ ಅಂದಿನವರೆಗೂ ಸೊನ್ನೆ. ನಾವು ಚಪ್ಪಾಳೆ ತಟ್ಟಿದೆವು. ಅವರು ಗಂಟಲು ಸರಿಮಾಡಿಕೊಂಡರು.

"ಎಲ್ಲರೂ ಚೆನ್ನಾಗಿ ಬರೆಯೋದು ಕಲಿತಿದ್ದೀರಿ. ಇನ್ನು ಜರಡಿ ನೋಡೋಕೆ ಅಂತಲೇ ಒಬ್ಬರು ಬೇಕಾಗಲ್ಲ ಅನ್ಸುತ್ತೆ. ಸೋಮವಾರದ ವರದೀನೂ ಹೀಗೇ ಬಂದ್ರೆ, ಮೇಡಂ ಕೆಳಗಿನ ಮಹಡಿಗೆ ಹೋಗ್ತಾರೆ. ಗ್ರಾಹಕರ ಫೋನ್ ತಗೊಳ್ಳೋ ಕಡೆ ಜನ ಕಡಿಮೆ ಇದ್ದಾರೆ."

ಎಲ್ಲರೂ ಅತ್ತೆಯ ಮುಖ ನೋಡಿದರು. "ಆಗ್ಲಿ ಸರ್. ಹದಿನೇಳು ವರ್ಷ ಜನರ ನಂಬರು ತಿದ್ದಿದೆ. ಇನ್ನು ಆ ನಂಬರಿನವರೆಲ್ಲ ನನಗೇ ಫೋನ್ ಮಾಡಿ ಬೈತಾರೆ" ಎಂದು ನಗಿಸಿದರು. ನಾವೂ ನಕ್ಕೆವು. ಆದರೆ ಆ ಮಧ್ಯಾಹ್ನ ಅವರು ಊಟದ ಡಬ್ಬಿ ತೆರೆಯಲಿಲ್ಲ. ಸುಳ್ಳು ಯಾಕೆ ಹೇಳಲಿ, ಇನ್ನು ನನ್ನ ಪರದೆ ಶುಭ್ರವಾಗಿರುತ್ತದೆ ಎಂದು ಒಂದು ಗಳಿಗೆ ಖುಷಿಯಾಯಿತು. ಆ ಮುಚ್ಚಿದ ಡಬ್ಬಿ ನೋಡಿದ ಮೇಲೆ ಖುಷಿ ಇಳಿದುಹೋಯಿತು.

ಶನಿವಾರ ನನ್ನ ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ, ಡೇ ಕೇರ್‌ಗೆ ರಜೆ. ಅಂಥ ದಿನ ಮಗಳನ್ನು ಕರೆದುಕೊಂಡು ನಾನು ಅತ್ತೆಯ ಮನೆಗೆ ಹೋಗಿಬಿಡುತ್ತೇನೆ. ಎರಡನೇ ಮಹಡಿಯ ಮನೆ, ಇಬ್ಬರು ನಿಂತರೆ ಮೂರನೆಯವರು ಹೊರಗೆ ಬರಬೇಕಾದಂಥ ಅಡುಗೆಮನೆ. ಗಂಡ ಬಸ್ ಡ್ರೈವರ್, ಅಂದು ಪಾಳಿಗೆ ಹೋಗಿದ್ದರು. ಮನೆಯಲ್ಲಿದ್ದದ್ದು ಅತ್ತೆ ಮತ್ತು ಅವರ ಅತ್ತೆ, ಅಂದರೆ ನಾವೆಲ್ಲ ಅಜ್ಜಿ ಎನ್ನುವ ಎಂಬತ್ತಮೂರರ ಮುದುಕಿ. ಅಜ್ಜಿ ಜನ್ಮದಲ್ಲಿ ಯಾರಲ್ಲೂ ತಪ್ಪು ಹುಡುಕಿದವರಲ್ಲ. ಉಪ್ಪಿಲ್ಲದ ಸಾರಿಗೂ 'ಹಿತವಾಗಿದೆ' ಎನ್ನುವವರು. ಆ ಮನೆಯ ತಪ್ಪುಗಳನ್ನೆಲ್ಲ ಸೊಸೆಗೇ ಗುತ್ತಿಗೆ ಕೊಟ್ಟಂತಿತ್ತು.

ಮಗಳು ಒಳಗಿನ ಕೋಣೆಯಲ್ಲಿ ಆಡುತ್ತಿದ್ದಳು. ಪಾತ್ರೆ ಬಡಿಯುವುದು, ಕುರ್ಚಿ ಎಳೆಯುವುದು, ಯಾರಿಗೋ ಬಯ್ಯುವುದು ಎಲ್ಲ ನಡೆದಿತ್ತು. ಅತ್ತೆ ತರಕಾರಿ ಹೆಚ್ಚುತ್ತಾ, "ಫೋನಲ್ಲಿ ಬೈಸ್ಕೊಳ್ಳೋದು ಕಷ್ಟವಲ್ಲ. ಆದ್ರೆ ನನಗೆ ಗೊತ್ತಿರೋದು ನೋಡೋದು ಒಂದೇ. ಅದನ್ನೇ ಬೇಡ ಅಂದ್ರೆ ನಾನು ಯಾತಕ್ಕೆ?" ಎಂದರು. "ಮಗಳು ಒಳ್ಳೆ ಆಟದಲ್ಲಿದ್ದಾಳೆ, ಈಗ ಸದ್ದೇ ಇಲ್ಲ" ಎಂದು ಮಾತು ಬದಲಿಸಿದೆ.

ಮೂಲೆಯಲ್ಲಿ ತೂಕಡಿಸುತ್ತಿದ್ದ ಅಜ್ಜಿ ಥಟ್ಟನೆ ಕಣ್ಣು ಬಿಟ್ಟರು. "ಸದ್ದಿಲ್ವಾ? ಹಾಗಾದ್ರೆ ಎದ್ದು ನೋಡಪ್ಪಾ! ಮಗು ಗಲಾಟೆ ಮಾಡ್ತಿದ್ರೆ ಭಯವಿಲ್ಲ. ಸುಮ್ಮನಾಯ್ತು ಅಂದ್ರೆ ಏನೋ ನಡೀತಿದೆ ಅಂತ ಅರ್ಥ."

ಓಡಿದೆ. ಮಗಳು ಚಪ್ಪಲಿ ಸ್ಟ್ಯಾಂಡಿನ ಮುಂದೆ ತಪಸ್ವಿನಿಯ ಹಾಗೆ ಕೂತಿದ್ದಳು. ಮನೆಯ ಅಷ್ಟೂ ಚಪ್ಪಲಿಗಳಿಗೆ, ಡ್ರೈವರ್ ಸಾಹೇಬರ ಹೊಸ ಬೂಟಿಗೂ ಸೇರಿ, ಒಂದಿಡೀ ಟ್ಯೂಬು ಟೂತ್‌ಪೇಸ್ಟ್ ಹಚ್ಚಿ ಹಲ್ಲುಜ್ಜುತ್ತಿದ್ದಳು. ಬ್ರಶ್ ಯಾರದೆಂದು ನಾನು ಈವರೆಗೂ ಆ ಮನೆಯವರಿಗೆ ಹೇಳಿಲ್ಲ. ಬೈಯಲು ಬಾಯಿ ತೆರೆದು ಹಿಂದೆ ತಿರುಗಿದರೆ, ಅತ್ತೆ ಈಳಿಗೆ ಬಿಟ್ಟು, ಕೈಯಲ್ಲಿ ಅರ್ಧ ಕ್ಯಾರೆಟ್ ಹಿಡಿದು ನಿಂತಿದ್ದರು. ಅವರು ಚಪ್ಪಲಿಯನ್ನು ನೋಡುತ್ತಿರಲಿಲ್ಲ.

"ಒಂದೂವರೆ ವರ್ಷ" ಎಂದರು. "ಒಂದೂವರೆ ವರ್ಷ ನೀವು ನಾಲ್ಕು ಜನ ಬರೆದು, ಒಂದು ತಪ್ಪೂ ಇಲ್ಲ. ನೀನು! ತಪ್ಪಿಲ್ದೆ ಬರೆಯೋದಾ!" ಅಳಿಯಂದಿರು ಹೋಗಿ ನೀನು ಬಂದಿತ್ತು. "ಸೋಮವಾರ ಏಳೂವರೆಗೆ ಆಫೀಸಿಗೆ ಬಾ."

ಮನೆಯಿಂದ ಕೋಡ್ ತೆರೆಯಲು ನಮ್ಮಲ್ಲಿ ಅನುಮತಿ ಇಲ್ಲ. ಆ ಭಾನುವಾರ ಅವರು ಹೇಗೆ ಕಳೆದರೋ.

ಸೋಮವಾರ ನಾನು ಹೋದಾಗ ಅವರು ಆಗಲೇ ಬಂದು ಕೂತಿದ್ದರು. ಗುಡಿಸುವವರು ಇನ್ನೂ ಕುರ್ಚಿಗಳನ್ನು ಮೇಜಿನ ಮೇಲಿಂದ ಇಳಿಸಿರಲಿಲ್ಲ. ಡೇ ಕೇರ್‌ನ ಒಂದು ಫೈಲು ತೆರೆದು ಅತ್ತೆ ಕೆಳಗಿಂದ ಮೇಲಕ್ಕೆ ಬೆರಳು ಎಳೆದರು. ಕೋಡು ಮುಗಿದು ತಲೆಯ ಒಣ ಸಾಲುಗಳು ಬಂದರೂ ಬೆರಳು ನಿಲ್ಲಲಿಲ್ಲ. ಮೇಲಿಂದ ಆರನೇ ಸಾಲಿಗೆ ಬಂದು ಎಡವಿತು.

'ಇಲ್ಲಿ ಸುಮ್ಮನಿರು. ರಜಾದಿನಗಳ ಪಟ್ಟಿ ಮಾತ್ರ, ಅಪಾಯವಿಲ್ಲ.' ತಾರೀಖು ಒಂಬತ್ತು ವರ್ಷ ಹಿಂದಿನದು. ಕೊನೆಯಲ್ಲಿದ್ದ ಅಕ್ಷರ ಅತ್ತೆಯದೇ.

ಈ ಸಾಲನ್ನು ಕೋಡಿನ ನಡುವೆ ಬರೆದರೆ ಅದರ ಕೆಳಗಿನ ಒಂದು ಸಾಲಿಗೆ ಮಾತ್ರ ಜರಡಿ ಸುಮ್ಮನಾಗುತ್ತದೆ. ಫೈಲಿನ ತಲೆಯಲ್ಲಿ ಬರೆದರೆ ಇಡೀ ಫೈಲಿಗೇ ಬಾಯಿ ಮುಚ್ಚುತ್ತದೆ. ಅತ್ತೆ ಇನ್ನೊಂದು ಫೈಲು ತೆರೆದರು. ಅದರಲ್ಲೂ ಅದೇ ಸಾಲು. ಮತ್ತೊಂದು, ಮಗದೊಂದು. ಒಟ್ಟು ನೂರನಲವತ್ತಾರು ಫೈಲುಗಳು, ನೂರನಲವತ್ತಾರಲ್ಲೂ ಅವರ ಅಕ್ಷರ. ಅವರದೇ ಅಕ್ಷರವಿದ್ದದ್ದರಿಂದ ಅವರದೇ ನಿಯಮದ ಪ್ರಕಾರ ಅವು ಯಾವತ್ತೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು.

"ನಂದೇ" ಎಂದರು ಸಣ್ಣ ದನಿಯಲ್ಲಿ. "ಬರೆಯೋ ಕೆಲಸ ಬಿಟ್ಟು ಈ ಕುರ್ಚಿಗೆ ಬರೋ ಹಿಂದಿನ ವಾರ. ಬರೀ ರಜೆಗಳ ಪಟ್ಟಿ ಇತ್ತು. ಒಂದೊಂದು ರಜೆಗೂ ಜರಡಿ ಹಾವು ಹಾವು ಅಂತಿತ್ತು. ಹದಿನಾಲ್ಕು ಕಡೆ ಬರೆಯೋಕೆ ಸೋಮಾರಿತನ. ತಲೆ ಮೇಲೆ ಒಂದೇ ಬರೆದುಬಿಟ್ಟೆ." ಆಮೇಲೆ ಗಲ್ಲದ ಮೇಲೆ ಕೈಯಿಟ್ಟು, "ಆ ಪಟ್ಟಿ ಇಷ್ಟೊಂದು ಮಕ್ಕಳನ್ನ ಹೆತ್ತಿದ್ದು ಹೇಗೆ ಅಂತ?" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ನಾನು ಕತ್ತು ಉಜ್ಜಿಕೊಂಡೆ. ನನ್ನ ಅದೃಷ್ಟದ ಗುಟ್ಟು ಅಲ್ಲಿ ಆರನೇ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಹೇಳಬೇಕಿತ್ತು. ಹೇಳಲಿಲ್ಲ.

ಅವರು ಎಲ್ಲ ಫೈಲುಗಳಿಂದ ಆ ಸಾಲನ್ನು ಕಿತ್ತು ಜರಡಿ ಓಡಿಸಿದರು. ಇಪ್ಪತ್ತು ನಿಮಿಷಕ್ಕೆ ಮುನ್ನೂರ ಹನ್ನೆರಡು ಎಚ್ಚರಿಕೆಗಳು ಬಂದವು. ಒಂದೂವರೆ ವರ್ಷ ಬಾಯಿ ಕಟ್ಟಿಕೊಂಡಿದ್ದ ಜರಡಿ ಒಂದೇ ಉಸಿರಿಗೆ ಎಲ್ಲ ಕಕ್ಕಿತು. ಅತ್ತೆ ಪಟ್ಟಿಯ ಕೊನೆಯಿಂದ ಓದತೊಡಗಿದರು. ಕಿವಿಯ ಮೇಲಿನ ಪೆನ್ಸಿಲ್ ಕೈಗೆ ಬಂತು. ಹಗ್ಗ, ಹಗ್ಗ, ಹಗ್ಗ. ಹತ್ತು ಗಂಟೆಯ ಹೊತ್ತಿಗೆ ಹಾಳೆಯ ಮೇಲೆ ಮೂರು ಅಂಕಿಗಳಿಗೆ ಸುತ್ತು ಹಾಕಿದ್ದರು. ಎರಡು ಸಣ್ಣ ಹಾವಿನ ಮರಿಗಳು. ಮೂರನೆಯದನ್ನು ಅವರು ಬಹಳ ಹೊತ್ತು ನೋಡಿದರು.

"ಇವತ್ತು ನಿನ್ನ ಮಗಳ ಪದ ಏನು?"

"ಕೊಡೆ" ಎಂದೆ. ಬೆಳಿಗ್ಗೆಯಷ್ಟೇ ಫೋನಿಗೆ ಬಂದಿತ್ತು.

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಪರೀಕ್ಷೆಗೆಂದು ಮಾಡಿದ್ದ ಯಾವನೋ ಇಲ್ಲದ ಅಪ್ಪನ ಹೆಸರಿನಲ್ಲಿ ಒಳಗೆ ಹೋಗಿದ್ದರು. ಅವನ ಮಗುವಿನ ನಂಬರು ಹದಿನೆಂಟು. ಅದನ್ನು ಅಳಿಸಿ ಹದಿನೇಳು ಎಂದು ಒತ್ತಿದ್ದರು. ಅಷ್ಟೇ. ಅಲ್ಲಿ ನನ್ನ ಮಗಳ ಹೆಸರಿತ್ತು, ಅದರ ಕೆಳಗೆ 'ಕೊಡೆ' ಎಂದಿತ್ತು.

ಆ ಭಾಗ ಬರೆದವನು ನಾನೇ. ನಂಬರು ಕೇಳುವವರು ಯಾರು, ಅದು ಅವರದೇ ಮಗುವೇ ಎಂದು ನೋಡುವ ಒಂದು ಸಾಲನ್ನು ಮರೆತಿದ್ದೆ. ಯಾರು ಬೇಕಾದರೂ ಗೇಟಿಗೆ ಹೋಗಿ ಕೊಡೆ ಎಂದಿದ್ದರೆ ನನ್ನ ಮಗಳು ಅವರ ಕೈಹಿಡಿದು ಹೋಗುತ್ತಿದ್ದಳು. ಅವಳಂತೂ ಯಾರು ಕರೆದರೂ ಹೋಗುವವಳು. ಅತ್ತೆ ಆಗಲೇ ಡೇ ಕೇರ್‌ಗೆ ಫೋನ್ ಹಚ್ಚಿ, "ನಾವು ಹೇಳೋವರೆಗೂ ಪದ ನಂಬಬೇಡಿ. ಮುಖ ಪರಿಚಯ ಇರೋರಿಗೆ ಮಾತ್ರ ಮಕ್ಕಳನ್ನ ಕೊಡಿ" ಎಂದು ಎರಡೆರಡು ಸಲ ಹೇಳುತ್ತಿದ್ದರು. ಆಮೇಲೆ ನನಗೆ ನೀರು ತಂದುಕೊಟ್ಟರು.

"ಅತ್ತೆ, ನಿಮ್ಮ ಕುರ್ಚಿ ಉಳೀತು" ಎಂದೆ, ನೀರು ಕುಡಿದು.

"ಎಲ್ಲಿ ಉಳೀತು? ಸುಮ್ಮನಿರಿಸಿದ್ದು ಯಾರು ಅಂತ ಮೊದಲು ಕೇಳ್ತಾರೆ."

"ಆ ಸಾಲು ತೆಗೆದಾಯ್ತಲ್ಲ. ಯಾರ ಅಕ್ಷರ ಇತ್ತು ಅಂತ ಹೇಳ್ಲೇಬೇಕಾ?"

ಅವರು ನನ್ನನ್ನು ನೋಡಿ, "ಇದು ಯಾಕೆ?" ಎಂದರು. ಪರದೆಯ ಮೇಲಿನ ತಪ್ಪಿಗೆ ಕೇಳುವ ಅದೇ ದನಿಯಲ್ಲಿ. ನಾನು ನೆಲ ನೋಡಿದೆ.

ಹನ್ನೊಂದಕ್ಕೆ ಮೀಟಿಂಗು. ಮ್ಯಾನೇಜರ್, ನಾನು, ಎದುರು ಮೇಜಿನ ಇಬ್ಬರು, ಅತ್ತೆ. ಸೊನ್ನೆ ತೋರಿಸಲು ಮ್ಯಾನೇಜರ್ ಬಟನ್ ಒತ್ತಿದರೆ ಗೋಡೆಯ ಮೇಲೆ ಮುನ್ನೂರ ಹನ್ನೆರಡು ಮೂಡಿತು. ಅವರು ಇನ್ನೆರಡು ಸಲ ಒತ್ತಿದರು. ಅತ್ತೆ ಎದ್ದು ನಿಂತು, ಹದಿನೆಂಟನ್ನು ಹದಿನೇಳು ಮಾಡಿದ್ದನ್ನು ಎಲ್ಲರಿಗೂ ತೋರಿಸಿದರು. ಆಮೇಲೆ ಹಳೆಯ ಪ್ರತಿ ತೆರೆದು, ನೂರನಲವತ್ತಾರು ಫೈಲುಗಳಲ್ಲೂ ಇದ್ದ ಆರನೇ ಸಾಲು ತೋರಿಸಿದರು.

"ಇದನ್ನ ಬರೆದಿದ್ದು ನಾನು. ನನ್ನ ಅಕ್ಷರ ಇದ್ರೆ ಯಾರೂ ನೋಡೋದು ಬೇಡ ಅಂತ ನಿಯಮ ಮಾಡಿದ್ದೂ ನಾನೇ. ಆ ನಿಯಮ ಇವತ್ತಿಗೆ ರದ್ದು."

ಮ್ಯಾನೇಜರ್ ಕೆಂಪಾದರು. "ಹಾಗಾದ್ರೆ ಮೇಡಂ, ಇಷ್ಟೂ ನಿಮ್ಮಿಂದ್ಲೇ ಆಗಿದ್ದು! ನೂರನಲವತ್ತಾರರಲ್ಲೂ ನಿಮ್ಮದೇ ಹೆಸರು. ಇನ್ನು ಈ ಕೆಲಸ ನಿಮ್ಮ ಕೈಲಿ ಹೇಗೆ ಬಿಡೋದು ಹೇಳಿ."

ಅತ್ತೆ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ಸಲೀಸಾಗುತ್ತಿತ್ತು, ಬಲವಂತಕ್ಕೆ ಒಪ್ಪಿದೆ ಎಂದುಕೊಳ್ಳಬಹುದಿತ್ತು. ಅವರು ಮೇಜಿನ ಮೇಲಿನ ಹಾಳೆಯನ್ನಷ್ಟೇ ನೋಡುತ್ತಿದ್ದರು. ಇವರು ಕೆಳಗಿನ ಮಹಡಿಗೆ ಹೋದರೆ, ನಾಳೆ ನಾನು ಮರೆಯುವ ಇನ್ನೊಂದು ಸಾಲನ್ನು ಯಾರು ನೋಡುತ್ತಾರೆ? ನನಗೆ ಭಯವೂ ನಾಚಿಕೆಯೂ ಒಟ್ಟಿಗೇ ಆಯಿತು. ಕೈ ಎತ್ತಿದೆ, ಶಾಲೆಯ ಹುಡುಗನ ಹಾಗೆ.

"ಬರೆದಿದ್ದು ಒಂದು ಸಲ ಸರ್. ನಕಲು ಮಾಡಿದ್ದು ನಾನು. ಐವತ್ತೆರಡು ನಂದು. ಅದೃಷ್ಟದ ಫೈಲು ಅಂದ್ಕೊಂಡು... ಇವರಿಬ್ಬರಿಗೂ ಹೇಳಿದ್ದೂ ನಾನೇ."

ಎದುರು ಮೇಜಿನ ಹುಡುಗಿ, ಅಂದರೆ ಅತ್ತೆಯ ಸೊಸೆ, ನನ್ನನ್ನು ಸುಟ್ಟುಬಿಡುವಂತೆ ನೋಡಿ ಕೈ ಎತ್ತಿದಳು. "ನಂದು ನಲವತ್ತೆಂಟು." 

ಪಕ್ಕದ ಗಡ್ಡದವನೂ ಎತ್ತಿದ. "ಮೂವತ್ತೇಳು."

ಅತ್ತೆ ಪೆನ್ಸಿಲ್ ತೆಗೆದು ಹಾಳೆಯ ಮೇಲೆ ಕೂಡಿದರು. "ನೂರ ಮೂವತ್ತೇಳು ಆಯ್ತು. ಇನ್ನೂ ಒಂಬತ್ತು ಉಳೀತು."

ಕೋಣೆಯಲ್ಲಿ ಉಳಿದಿದ್ದವರು ಒಬ್ಬರೇ. ಮ್ಯಾನೇಜರ್ ಆಗುವುದಕ್ಕೆ ಹಿಂದಿನ ತಿಂಗಳು ಈ ಪ್ರೋಗ್ರಾಮಿಗೆ ತಳಪಾಯ ಹಾಕಿದವರು ಅವರು. ಹಳೆಯ ರಜೆ ಪಟ್ಟಿಯನ್ನು ತಂದು ಮೊದಲ ನಕಲು ಮಾಡಿದವರೂ ಅವರೇ ಎಂದು ಅವರಿಗೆ ಆಗ ನೆನಪಾಗುತ್ತಿರುವುದು ಮುಖದ ಮೇಲೆ ಕಾಣುತ್ತಿತ್ತು. ಅವರ ಬಲಗೈ ಮೆಲ್ಲಗೆ ಮೇಲೆದ್ದು, ಕಿವಿಯವರೆಗೆ ಬಂದು, ದಾರಿ ಬದಲಿಸಿ ತಲೆ ಕೆರೆಯತೊಡಗಿತು.

"ಪೂರ್ತಿ ಎತ್ತಿ ಸರ್" ಎಂದರು ಅತ್ತೆ.

ಕೈ ಪೂರ್ತಿ ಎದ್ದಿತು. ನಾವು ಮೂವರೂ ನಗು ತಡೆಯಲು ತುಟಿ ಕಚ್ಚಿಕೊಂಡೆವು. ಕೈ ಎತ್ತಿಕೊಂಡೇ ಅವರು, "ಬುಧವಾರ ಬೇಡ. ಎರಡು ವಾರ ಮುಂದಕ್ಕೆ ಹಾಕೋಣ" ಎಂದರು. ಆಮೇಲೆ ಗೋಡೆ ನೋಡುತ್ತಾ, "ನೀವು ಕೆಳಗಿನ ಮಹಡಿಗೆ ಹೋಗೋದೂ ಬೇಡ ಮೇಡಂ" ಎಂದರು.

ಅತ್ತೆ ಹಾಳೆಯ ಮೇಲೆ ಒಂಬತ್ತು ಬರೆದು, ಕೂಡಿ, ಕೆಳಗೆ ಗೆರೆ ಎಳೆದರು. ಗೆರೆ ನೆಟ್ಟಗೆ ಬರಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡರು.

"ಸರಿ. ಈಗ ಇಳಿಸಿ ಸರ್" ಎಂದರು.